ಚೀಲ ನೆಲಕ್ಕಿಟ್ಟವರು

ಮೊದಲೇ ಹೇಳಿಬಿಡುತ್ತೇನೆ, ನನಗೆ ವಾಹನವೆಂದರೆ ಅಷ್ಟಕ್ಕಷ್ಟೆ.
ತಾರ್ತುವಿನಲ್ಲಿ ಓದುವಾಗ ಖರ್ಚಿಗೆಂದು
ರಾತ್ರಿ ಪಾಳಿ ಹಿಡಿದಿದ್ದೆ:
ಊರ ತುಂಬ ಎಲ್ಲೆಂದರಲ್ಲಿ ಮಲಗಿದ ಬಾಡಿಗೆ ಸ್ಕೂಟರುಗಳನ್ನೆತ್ತಿ
ಬ್ಯಾಟರಿ ಬದಲಿಸಿ
ಬೆಳಗಾಗುವುದರೊಳಗೆ ಸಾಲಾಗಿ ನಿಲ್ಲಿಸುವುದು.

ಅಕ್ಟೋಬರಿನ ಕೊನೆಗೊಂದು ವಿಚಿತ್ರ.
ಸಂಜೆ ಅರವತ್ತು ತೋರಿಸಿದ್ದು
ನಡುರಾತ್ರಿ ಹದಿನೇಳು.
ಯಾರೂ ಹತ್ತಿಲ್ಲ, ಸೋರಿದ ಗುರುತಿಲ್ಲ.
ಕೋಣೆಗೆ ತಂದು ಹೀಟರಿನ ಪಕ್ಕ ಕೂರಿಸಿದರೆ
ಮುನಿಸು ಬಿಟ್ಟ ಮಗುವಿನ ಹಾಗೆ ಮತ್ತೆ ಐವತ್ತು.
ಹೋದದ್ದೆಲ್ಲಿಗೆ, ಬಂದದ್ದೆಲ್ಲಿಂದ?
ಇಷ್ಟೇ ಹಿಡಿದುಕೊಂಡು
ಪ್ರೊಫೆಸರ್ ಔನಾಪೂ ಅವರ ಬಾಗಿಲು ತಟ್ಟಿದೆ.
ಅವರು ಉತ್ತರ ಕೊಡಲಿಲ್ಲ.
ಒಂದು ಮೇಜು ಕೊಟ್ಟರು.

ಎರಡು ವರ್ಷ, ಸೊನ್ನೆಗಿಂತ ಇಪ್ಪತ್ತು ಕೆಳಗಿನ ಪೆಟ್ಟಿಗೆಯೊಳಗೆ
ಕೈಗವಸು ತೊಟ್ಟು ಕೈಯಾಡಿಸಿದೆ.
ಆಮೇಲೆ ಪ್ರಯೋಗಾಲಯಕ್ಕೆ
ಚಾಲಕನಿಲ್ಲದ ಪುಟ್ಟ ಬಸ್ಸು ಬಂತು, ಎಂಟು ಸೀಟಿನದು,
ನೆತ್ತಿಯ ಮೇಲೆ ಗಿರಗಿರ ತಿರುಗುವ ಲೇಸರ್ ಕಣ್ಣು.
ಆ ಕಣ್ಣಿಗೂ ಗಾಲಿಗೂ ಒಂದೇ ಬ್ಯಾಟರಿ,
ಒಂದೇ ತಟ್ಟೆಗೆ ಕೈಹಾಕುವ ಅಣ್ಣತಮ್ಮಂದಿರು.
ಹೆಚ್ಚು ಕಂಡಷ್ಟೂ ದೂರ ಕಡಿಮೆ.
ಹೀಗೆ, ಹಸಿವು ಲೆಕ್ಕ ಹಾಕಲು ಹೋದವಳು
ನೋಟದ ಹಿಂದೆ ಬಿದ್ದೆ.

ಅಪ್ಪನಿಗೆ ವರ್ಷವಿಡೀ 'ಬ್ಯಾಟರಿ' ಎಂದಷ್ಟೇ ಹೇಳಿದ್ದೆ.
ಅಪ್ಪ, ಹೆಲ್ದುರ್,
ಮೂವತ್ತೊಂದು ವರ್ಷದಿಂದ ಇದೇ ಊರಿನ ಸಿಟಿ ಬಸ್ಸಿನ ಚಾಲಕ.
ಒಂದು ಭಾನುವಾರ ಆಲೂಗಡ್ಡೆ ಸುಲಿಯುತ್ತ
ತಲೆ ಎತ್ತದೆ ಅಂದ:
"ಪಿರೆತ್, ನನ್ನನ್ನು ಮನೆಗೆ ಕಳಿಸುವ ಯಂತ್ರ
ನನ್ನ ಮನೆಯಲ್ಲೇ ಊಟ ಮಾಡುತ್ತಿದೆ, ಅಲ್ಲವಾ?"
ನಕ್ಕನೋ ಇಲ್ಲವೋ.
ಸಿಪ್ಪೆ ಮಾತ್ರ ಎಲ್ಲೂ ಕಡಿಯದೆ
ಉದ್ದಕ್ಕೆ ಇಳಿಯುತ್ತಿತ್ತು.
ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಜನವರಿಯ ಪರೀಕ್ಷಾ ಓಟ.
ಹಿಮದ ಒಂದೊಂದು ಹಳುಕೂ ಬಸ್ಸಿಗೆ ಒಂದೊಂದು ಗೋಡೆ.
ಅದನ್ನೂ ಹೇಗೋ ದಾಟಿಸಿದೆವು.
ಆದರೆ ಜೀಬ್ರಾ ಪಟ್ಟೆಯ ಅಂಚಿನಲ್ಲಿ ಒಬ್ಬ ಮುದುಕಿ.
ಬಸ್ಸು ನಿಂತಿತು. ಆಕೆಯೂ ನಿಂತಳು.
ನೀ ಮೊದಲು, ನೀ ಮೊದಲು.
ಆರು ನಿಮಿಷ.
ಪರದೆಯ ಮೇಲೆ ಒಂದು ಸಾಲು:
ಅಡ್ಡ: ಮನುಷ್ಯ. ಉದ್ದೇಶ: ತಿಳಿಯದು.

ಅಂದು ಅಪ್ಪನನ್ನು ಕರೆದಿದ್ದೆ. ಮುಂದಿನ ಸೀಟಿನಲ್ಲಿ ಕೂತು
ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತುತ್ತಿದ್ದ.
"ಆಕೆ ದಾಟುವುದಿಲ್ಲ."
ಹೇಗೆ ಗೊತ್ತು?
"ಚೀಲ ನೆಲಕ್ಕಿಟ್ಟಿದ್ದಾಳೆ.
ದಾಟುವವರು ಚೀಲದ ಕೈ ಬದಲಿಸುತ್ತಾರೆ, ಕೆಳಗಿಡುವುದಿಲ್ಲ."
ಸ್ವಲ್ಪ ಹೊತ್ತು ಬಿಟ್ಟು:
"ಹುಡುಗರ ಕಾಲು ನೋಡಬೇಡ, ಹೆಗಲು ನೋಡು.
ಕಾಲು ಸುಳ್ಳು ಹೇಳುತ್ತೆ."

ಆಮೇಲಿನ ಶನಿವಾರಗಳೆಲ್ಲ ಅವನವು.
ಕನ್ನಡಕ ಮೂಗಿನ ತುದಿಗಿಳಿಸಿ
ವಿಡಿಯೋ ತುಣುಕೊಂದೊಂದಕ್ಕೂ ಹೆಸರಿಟ್ಟ:
ದಾಟುತ್ತಾನೆ. ದಾಟುವುದಿಲ್ಲ. ಜಗಳವಾಡಿ ಬಂದಿದ್ದಾಳೆ, ಬಿಡು.
ಕುಡಿದಿದ್ದಾನೆ, ಹಾರ್ನ್ ಬೇಡ, ಕಾಯಿ.
ಹದಿನಾಲ್ಕು ಸಾವಿರ ತುಣುಕು.
ವಿಶ್ವವಿದ್ಯಾಲಯದ ನಮೂನೆಯಲ್ಲಿ
ಸಹಾಯಕರ ವಿದ್ಯಾರ್ಹತೆ ಎಂಬ ಕಲಂ ಇತ್ತು.
'ಕನ್ನಡಿಗಳು, ಮೂರು' ಎಂದು ತುಂಬಿದೆ.
ತಿದ್ದಿ ಕಳಿಸಿ ಎಂದು ವಾಪಸು ಬಂತು.

ಮಾರ್ಚಿನ ಒಂದು ಬೆಳಗ್ಗೆ, ನದಿಯ ಹಿಮ ಬಿರಿಯುವ ಹೊತ್ತು,
ಪಟ್ಟೆಯ ಅಂಚಿಗೆ ಬಂದು
ಕಳೆದ ಕೈಗವಸು ಹುಡುಕಲು ಚೀಲ ನೆಲಕ್ಕಿಟ್ಟೆ.
ಅಪ್ಪನ ಬಸ್ಸು ಬಂತು.
ನಿಧಾನಿಸಿತು, ನೋಡಿತು,
ಸ್ಟೀರಿಂಗಿನಿಂದ ಎರಡು ಬೆರಳೆತ್ತಿ ನಮಸ್ಕಾರ ಮಾಡಿ
ಹೊರಟೇ ಹೋಯಿತು.
ಕೆಸರುಹಿಮ ಮೊಣಕಾಲಿನವರೆಗೆ ಹಾರಿತು.

ನಾನು ದಾಟಬೇಕೆಂದೇ ಇದ್ದೆ.

ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಬರೆದಿದ್ದೇನೆ,
ನಿಖರತೆ: ನೂರಕ್ಕೆ ತೊಂಬತ್ತೊಂದು.
ಉಳಿದ ಒಂಬತ್ತರೊಳಗೆ
ನನ್ನ ಒದ್ದೆ ಬೂಟೂ ಇದೆ.